ಕಲ್ಪನೆಗೂ ಕೂಲಿ ಬೇಡವೇ?

ಅರಕಲಗೂಡಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೆಲವು ತಿಂಗಳ ಹಿಂದೆ ತಾನು ಬರೆದ ಕಥೆಯೊಂದನ್ನು ಓದಲು ಕೊಟ್ಟಳು. ಕಥೆ ನಡೆಯುವುದು ಇನ್ನೂ ಬಾರದ ಕಾಲದಲ್ಲಿ. ಹೇಮಾವತಿಯೂ ಕಾವೇರಿಯೂ ಬತ್ತಿವೆ. ಆಕಾಶದ ಮೋಡಗಳನ್ನು ಕೆರೆಯ ಮೀನಿನಂತೆ ವರ್ಷಕ್ಕಿಷ್ಟು ಎಂದು ಗುತ್ತಿಗೆಗೆ ಕೊಡಲಾಗಿದೆ. ಗುತ್ತಿಗೆದಾರನ ಮೋಡದಿಂದ ಮಳೆ ಕದಿಯುವ ಮುದುಕಿಯೇ ಕಥೆಯ ನಾಯಕಿ. ಓದಿ ಮುಗಿಸಿ ಚೆನ್ನಾಗಿದೆ ಎಂದೆ. ಅವಳಿಗೆ ಅಷ್ಟು ಸಾಲಲಿಲ್ಲ. "ಇದನ್ನು ಎಲ್ಲಿಗೆ ಕಳಿಸಲಿ?" ಎಂದು ಕೇಳಿದಳು. ಆಮೇಲೆ ಸ್ವಲ್ಪ ತಡೆದು, ದನಿ ತಗ್ಗಿಸಿ, "ಏನಾದರೂ ಕೊಡ್ತಾರಾ?" ಎಂದಳು.

ಅವಳು ದನಿ ತಗ್ಗಿಸಿದ್ದು ನನ್ನನ್ನು ಕಾಡಿತು. ಅದೇ ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಕಟ್ಟೆ ಇದೆ. ಅಲ್ಲಿ ದರ ಕೇಳಲು ಯಾರೂ ನಾಚುವುದಿಲ್ಲ. ದರ ಕಡಿಮೆಯಾದರೆ ರೈತರು ಹರಾಜು ನಿಲ್ಲಿಸಿ ಜಗಳಕ್ಕೆ ನಿಲ್ಲುವುದೂ ಉಂಟು. ಕಥೆಯ ದರ ಕೇಳುವಾಗ ಮಾತ್ರ ಏನೋ ತಪ್ಪು ಮಾಡಿದವರಂತೆ ನಾವು ಮೆತ್ತಗಾಗುತ್ತೇವೆ. ಕೂಲಿಕಾರನ ಬೆವರು ಆರುವ ಮುನ್ನ ಅವನ ಕೂಲಿ ಕೊಟ್ಟುಬಿಡಿ ಎಂದು ಪ್ರವಾದಿವರ್ಯರು (ಸ) ಹೇಳಿದ್ದನ್ನು ನಾವು ಕೇಳುತ್ತಲೇ ಬೆಳೆದವರು. ಬರೆಯುವವರಿಗೆ ಬೆವರು ಬರುವುದಿಲ್ಲ ಎಂದು ಯಾರು ತೀರ್ಮಾನಿಸಿದರೋ ತಿಳಿಯದು.

ಬೇರೆ ಊರಿಗೆ ಈ ನಾಚಿಕೆ ಒಪ್ಪೀತು, ಅರಕಲಗೂಡಿಗೆ ಒಪ್ಪದು. ಕನ್ನಡದಲ್ಲಿ ಬರವಣಿಗೆಯನ್ನೇ ನಂಬಿ ಸಂಸಾರ ನಡೆಸಲು ಹೊರಟವರಲ್ಲಿ ಮೊದಲ ಸಾಲಿನ ಹೆಸರು ಈ ಊರಿನದು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್, ಅಂದರೆ ನಮ್ಮ ಅನಕೃ, 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. ಆದರೆ ಹೆಸರಿನ ಮುಂದೆ ಹೊತ್ತು ತಿರುಗಿದ್ದು ಮನೆತನದ ಊರನ್ನು. ಅವರ ಕಾಲದಲ್ಲಿ ಸಾಹಿತಿ ಎಂದರೆ ಬಹುಪಾಲು ಸಂಬಳದ ಮೇಷ್ಟರು, ವಕೀಲ, ಇಲ್ಲವೇ ಸರ್ಕಾರಿ ಅಧಿಕಾರಿ. ಹಗಲು ಉದ್ಯೋಗ, ರಾತ್ರಿ ಸರಸ್ವತಿ. ಅನಕೃ ಆ ದಾರಿ ಹಿಡಿಯಲಿಲ್ಲ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಪತ್ರಿಕೆ ನಡೆಸಿದರು, ಊರೂರು ತಿರುಗಿ ಭಾಷಣ ಮಾಡಿದರು. 'ಸಂಧ್ಯಾರಾಗ', 'ನಟಸಾರ್ವಭೌಮ'ದಂಥವು ಮನೆಮನೆ ತಲುಪಿದವು. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬಂದಾಗ ಅಶ್ಲೀಲವೆಂಬ ಕೂಗೆದ್ದಿತು. ಹೊಟ್ಟೆಪಾಡಿಗಾಗಿ ಬರೆಯುತ್ತಾರೆ ಎಂಬ ಕೊಂಕು ಅವರ ಬೆನ್ನು ಬಿಡಲಿಲ್ಲ. ಹೊಟ್ಟೆಪಾಡಿಗಾಗಿ ಪಾಠ ಹೇಳುವವರನ್ನು ಹಾಗೆ ಯಾರೂ ಅನ್ನಲಿಲ್ಲ ಎಂಬುದನ್ನು ಗಮನಿಸಬೇಕು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 1971ರಲ್ಲಿ ತೀರಿಕೊಂಡರು.

ಅವರೊಬ್ಬರೇ ಬಾಗಿಲು ತೆರೆದರೆಂದಲ್ಲ. ಅವರಿಗೂ ಮುಂಚೆ ಹಾವೇರಿ ಕಡೆಯ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಹಳ್ಳಿಹಳ್ಳಿಗೆ ಮಾರಿದ್ದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿ, ಚಂದಾದಾರರಿಂದ ಮೊದಲೇ ಹಣ ಪಡೆದು ಪುಸ್ತಕ ಕೊಡುವ ಪದ್ಧತಿಯನ್ನು ಗಟ್ಟಿ ಮಾಡಿದರು. ಆಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಂದ; ಬಸ್ ನಿಲ್ದಾಣಗಳಲ್ಲಿ ಕನ್ನಡ ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಹೀಗೆ ಕನ್ನಡದ ಓದುಗ ಸಂಸಾರದ ಕಥೆಗೆ ದುಡ್ಡು ಕೊಟ್ಟ, ಇತಿಹಾಸದ ಕಥೆಗೆ ಕೊಟ್ಟ, ಕೊಲೆಗಾರನನ್ನು ಹಿಡಿಯುವ ಕಥೆಗೂ ಕೊಟ್ಟ. ಮೋಡ ಕದಿಯುವ ಮುದುಕಿಯ ಕಥೆಗೆ ಕೊಡುವ ಗಲ್ಲೆ ಮಾತ್ರ ತೆರೆಯಲಿಲ್ಲ.

ಅದ್ಭುತ ಕಥೆಗೆ ಸಂಬಳ ಕೊಟ್ಟ ಮಾರುಕಟ್ಟೆ ನಮ್ಮ ದೇಶದಲ್ಲಿ ಇರಲೇ ಇಲ್ಲವೇ? ಇತ್ತು. ಅದನ್ನು ನೋಡಲು ಹತ್ತೊಂಬತ್ತನೇ ಶತಮಾನದ ಲಖನೌಗೆ ಹೋಗಬೇಕು. 1858ರಲ್ಲಿ ಮುನ್ಷಿ ನವಲ್ ಕಿಶೋರ್ ಅಲ್ಲಿ ಛಾಪಖಾನೆ ತೆರೆದರು. ಕುರ್‌ಆನ್ ಪ್ರತಿಗಳನ್ನೂ ಹಿಂದೂ ಶಾಸ್ತ್ರಗ್ರಂಥಗಳನ್ನೂ ಒಂದೇ ಅಚ್ಚುಕೂಟದಲ್ಲಿ ಮುದ್ರಿಸಿದ ದೊಡ್ಡ ವ್ಯಾಪಾರಿ ಅವರು. ಅಮೀರ್ ಹಂಝಾನ ದಾಸ್ತಾನುಗಳನ್ನು ಕೂಟಗಳಲ್ಲಿ ಬಾಯಿಂದ ಹೇಳುತ್ತಿದ್ದ ಕಥೆಗಾರರನ್ನು ಕರೆದು, ಹಣ ಕೊಟ್ಟು ಬರೆಸಿದರು. 1883ರಿಂದ ಸುಮಾರು ಹತ್ತು ವರ್ಷಗಳಲ್ಲಿ 'ತಿಲಿಸ್ಮೆ ಹೋಶ್‌ರುಬಾ' ಎಂಟು ಸಂಪುಟಗಳಾಗಿ ಹೊರಬಂತು. ಮಾಂತ್ರಿಕರು ಕಟ್ಟಿದ ಮಾಯಾಲೋಕ, ಅದರೊಳಗೆ ಸಿಕ್ಕಿಬಿದ್ದ ವೀರರು, ವೇಷ ಮರೆಸುವ ಐಯಾರರು, ಎಷ್ಟು ತುಂಬಿದರೂ ತುಂಬದ ಅಮ್ರನ ಜೋಳಿಗೆ. ಮೊದಲ ನಾಲ್ಕು ಸಂಪುಟ ಬರೆದವರು ಮುಹಮ್ಮದ್ ಹುಸೇನ್ ಜಾಹ್. ಅವರು ಛಾಪಖಾನೆ ಬಿಟ್ಟ ಮೇಲೆ ಉಳಿದ ನಾಲ್ಕನ್ನು ಅಹ್ಮದ್ ಹುಸೇನ್ ಕಮರ್ ಮುಗಿಸಿದರು. ಲೇಖಕ ಬದಲಾದರೂ ಓದುಗ ಬಿಡಲಿಲ್ಲ.

ಅದೇ ಕಾಲದಲ್ಲಿ ಅದೇ ಸೀಮೆಯಲ್ಲಿ ಇನ್ನೊಂದು ಗಲ್ಲೆಯೂ ಇತ್ತು, ಸರ್ಕಾರದ್ದು. 1868ರ ಆಗಸ್ಟ್‌ನಲ್ಲಿ ವಾಯವ್ಯ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಮ್ಯೂರ್ ದೇಶಭಾಷೆಗಳಲ್ಲಿ 'ಉಪಯುಕ್ತ' ಪುಸ್ತಕ ಬರೆದವರಿಗೆ ಬಹುಮಾನ ಸಾರಿದ. ಹೆಂಗಸರಿಗೆ ತಕ್ಕ ಪುಸ್ತಕವಾದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದ. (ಪ್ರವಾದಿಯವರ ಜೀವನವನ್ನು ವಕ್ರವಾಗಿ ಬರೆದು ಸರ್ ಸೈಯದ್ ಅಹ್ಮದ್ ಖಾನರಿಂದ ಉತ್ತರ ಪಡೆದ ಮ್ಯೂರ್ ಇವನೇ. ಬಹುಮಾನ ಕೊಡುವ ಕೈ ಯಾರದು ಎಂದು ನೋಡುವ ಅಭ್ಯಾಸ ಒಳ್ಳೆಯದು.) ನಝೀರ್ ಅಹ್ಮದರ 'ಮಿರಾತುಲ್ ಉರೂಸ್' ಸಾವಿರ ರೂಪಾಯಿ ಗೆದ್ದಿತು. ಉರ್ದು ಕಾದಂಬರಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. 1874ರಲ್ಲಿ ಅವರ 'ತೌಬತುನ್ನಸೂಹ್' ಬಂತು, ಅದಕ್ಕೂ ಬಹುಮಾನ ದೊರೆಯಿತು. ಅದರಲ್ಲಿ ಪಶ್ಚಾತ್ತಾಪಪಟ್ಟ ತಂದೆಯೊಬ್ಬ ಮಗನ ಕೋಣೆಯಲ್ಲಿದ್ದ ಕಥೆ-ಕಾವ್ಯಗಳ ಪುಸ್ತಕಗಳಿಗೆ ಬೆಂಕಿ ಇಡುತ್ತಾನೆ. ಸರ್ಕಾರದ ಹಣ ಕಲ್ಪನೆಯನ್ನು ಸುಡುವ ಪುಸ್ತಕಕ್ಕೆ ಹೋಯಿತು; ಓದುಗನ ಹಣ ಕಲ್ಪನೆಯನ್ನು ಎಂಟು ಸಂಪುಟಗಳಿಗೆ ಬೆಳೆಸಿತು. ನಝೀರ್ ಅಹ್ಮದರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ, ಅವರು ದೊಡ್ಡ ಲೇಖಕರೇ. ಆದರೆ ಸ್ಪರ್ಧೆಯ ನಿಯಮಾವಳಿಯಲ್ಲಿರುವ ಒಂದು ಪದ, ಇಲ್ಲಿ 'ಉಪಯುಕ್ತ' ಎಂಬುದು, ಒಂದು ಭಾಷೆಯ ಸಾಹಿತ್ಯವನ್ನೇ ಬೇರೆ ದಿಕ್ಕಿಗೆ ತಿರುಗಿಸಬಲ್ಲದು.

ನಾನು ಆ ಹುಡುಗಿಗೆ ಮೊದಲು ಹೇಳಿದ್ದು ಇನ್ನೊಬ್ಬ ಹೆಣ್ಣುಮಗಳ ಹೆಸರನ್ನು. ಬಂಗಾಳದ ರೊಕೇಯಾ ಸಖಾವತ್ ಹುಸೇನ್ 1905ರಲ್ಲಿ 'ಸುಲ್ತಾನಾಳ ಕನಸು' ಬರೆದರು. ಗಂಡ ಸರ್ಕಾರಿ ಪ್ರವಾಸದಲ್ಲಿದ್ದಾಗ ಹೊತ್ತು ಕಳೆಯಲು ಬರೆದದ್ದು. ಹಿಂದಿರುಗಿದ ಗಂಡ ನಿಂತಲ್ಲೇ ನಿಂತು ಪೂರ್ತಿ ಓದಿದರು ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಆ ಕಥೆಯ ನಾಡಿನಲ್ಲಿ ಗಂಡಸರು ಒಳಮನೆಯಲ್ಲಿರುತ್ತಾರೆ, ಹೆಂಗಸರು ರಾಜ್ಯ ಆಳುತ್ತಾರೆ. ವಿಶ್ವವಿದ್ಯಾಲಯದ ವಿಜ್ಞಾನಿ ಹೆಂಗಸರು ಸೂರ್ಯನ ಶಾಖವನ್ನು ಕೂಡಿಡುತ್ತಾರೆ, ಬಲೂನಿಗೆ ಕೊಳವೆ ಜೋಡಿಸಿ ಮೋಡದ ನೀರನ್ನು ಇಳಿಸಿಕೊಳ್ಳುತ್ತಾರೆ. ಕಥೆ ಅಚ್ಚಾದದ್ದು ನಮ್ಮ ನೆರೆಯ ಮದ್ರಾಸಿನ ಇಂಗ್ಲಿಷ್ ಮಹಿಳಾ ಮಾಸಿಕದಲ್ಲಿ. ಇದನ್ನು ಕೇಳಿದ ಹುಡುಗಿ ಸ್ವಲ್ಪ ಪೆಚ್ಚಾದಳು. ತನ್ನ ಮೋಡವನ್ನು ನೂರಿಪ್ಪತ್ತು ವರ್ಷದ ಹಿಂದೆಯೇ ಯಾರೋ ಬಳಸಿದ್ದಾರೆಂದು!

ಇನ್ನು ನಮ್ಮ ಕಾಲದ ಕನ್ನಡಕ್ಕೆ ಬರೋಣ. 1948ರಲ್ಲಿ ಪ್ರಜಾವಾಣಿ, 1956ರಲ್ಲಿ ಕಸ್ತೂರಿ, 1965ರಲ್ಲಿ ಸುಧಾ, 1968ರಲ್ಲಿ ಮಯೂರ ಬಂದವು. ಇವುಗಳ ಜೊತೆ ಕಥೆಗೆ ಸಂಭಾವನೆ ಎಂಬುದು ಸಣ್ಣ ಮೊತ್ತವಾದರೂ ರೂಢಿಯಾಯಿತು. ಅದಕ್ಕಿಂತ ದೊಡ್ಡ ಬಾಗಿಲು ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆ. ಪೂರ್ಣಚಂದ್ರ ತೇಜಸ್ವಿಯವರ 'ಲಿಂಗ ಬಂದ' ಪ್ರಜಾವಾಣಿಯ ದೀಪಾವಳಿ ಸ್ಪರ್ಧೆಯಲ್ಲೇ ಬಹುಮಾನ ಪಡೆದದ್ದು. ಪೇಟೆಯ ಗೆಳೆಯರ ಬಳಗವಿಲ್ಲದ, ವಿಮರ್ಶಕರ ಪರಿಚಯವಿಲ್ಲದ ಎಷ್ಟೋ ಹಳ್ಳಿಯ ಮೇಷ್ಟರುಗಳಿಗೆ, ಗುಮಾಸ್ತರಿಗೆ ಇಂಥ ಸ್ಪರ್ಧೆಗಳೇ ಮೊದಲ ಮೆಟ್ಟಿಲು. ಕಾರಣ ಒಂದು ಸಾಧಾರಣ ನಿಯಮ: ಹೆಸರು, ವಿಳಾಸ ಬೇರೆ ಹಾಳೆಯಲ್ಲಿರಲಿ, ಕಥೆಯ ಪುಟಗಳ ಮೇಲೆ ಬೇಡ.

ಈ ನಿಯಮದ ಬೆಲೆ ತಿಳಿಯಲು ಮಹಾರಾಷ್ಟ್ರದ ಒಂದು ಪ್ರಸಂಗ ಸಾಕು. 1974ರಲ್ಲಿ ಮುಂಬಯಿಯ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥಾಸ್ಪರ್ಧೆ ನಡೆಸಿತು. ಮೊದಲ ಬಹುಮಾನ ಬಂದದ್ದು ನಾರಾಯಣ ವಿನಾಯಕ ಜಗತಾಪ ಎಂಬುವರ 'ಕೃಷ್ಣವಿವರ' ಕಥೆಗೆ. ಆ ಹೆಸರಿನ ವ್ಯಕ್ತಿ ಇರಲೇ ಇಲ್ಲ. ಬರೆದವರು ಖ್ಯಾತ ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್. ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ ಹೊಸ ಹೆಸರು ಕಟ್ಟಿದ್ದರು. ಕೈಬರಹ ಗುರುತು ಸಿಗಬಾರದೆಂದು ಪತ್ನಿಯಿಂದ ಪ್ರತಿ ಮಾಡಿಸಿದ್ದರು. ತನ್ನ ಹೆಸರಿಗೆ ಬಹುಮಾನ ಬರಬಾರದು, ಕಥೆಗೆ ಬರಬೇಕು ಎಂಬ ಹಟ ಅದು. ಮರಾಠಿಯಲ್ಲಿ ವಿಜ್ಞಾನ ಕಥೆ ಬೇರು ಬಿಡಲು ಇಂಥ ಮೀಸಲು ಸ್ಪರ್ಧೆ ಎಷ್ಟು ನೆರವಾಯಿತೆಂಬುದನ್ನು ಕನ್ನಡದವರು ಯೋಚಿಸಬೇಕು. ಅಮೆರಿಕದಲ್ಲೂ ಹೀಗೆಯೇ. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ತನ್ನ ಹೊಸ ಮಾಸಿಕದ ಮುಖಪುಟ ಚಿತ್ರಕ್ಕೆ ಕಥೆ ಹೊಸೆಯಿರಿ ಎಂದು 500 ಡಾಲರ್ ಸಾರಿದಾಗ ಮೂರನೇ ಬಹುಮಾನ ಕ್ಲೇರ್ ವಿಂಗರ್ ಹ್ಯಾರಿಸ್ ಎಂಬ ಮಹಿಳೆಗೆ ಬಂತು. ಹೆಂಗಸೂ ಇಂಥದ್ದನ್ನು ಬರೆಯುತ್ತಾಳೆಯೇ ಎಂದು ಸಂಪಾದಕನೇ ಬೆರಗಾದ.

ನಾರ್ಳೀಕರ್ ಹೆಸರು ಮುಚ್ಚಿಟ್ಟದ್ದು ಅದು ದೊಡ್ಡದಾಗಿದ್ದರಿಂದ. ನಮ್ಮ ಮಕ್ಕಳಿಗೆ ಹೆಸರು ಮುಚ್ಚುವ ಅಗತ್ಯ ಬೇರೆ ಕಾರಣಕ್ಕೆ. ಕಥೆಯ ಮೇಲೆ ಮುಸ್ಲಿಂ ಹೆಸರು ಕಂಡರೆ ಓದುವವರು ಒಂದು ಬಗೆಯ ಕಥೆಯನ್ನು ನಿರೀಕ್ಷಿಸುತ್ತಾರೆ. ಬುರ್ಖಾ ಬಂತೇ, ತಲಾಖ್ ಬಂತೇ, ಗಲಭೆ ಬಂತೇ? ಬಂದರೆ 'ಒಳಗಿನ ದನಿ' ಎಂಬ ಮೆಚ್ಚುಗೆ. ಮೋಡದ ಗುತ್ತಿಗೆ ಬಂದರೆ ಗೊಂದಲ. 1981ರಲ್ಲಿ ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಕನ್ನಡಕ್ಕೇ ಒಂದು ಘಟನೆ. ಅದೇ ಪತ್ರಿಕೆಗೆ ವರದಿ ಬರೆಯುತ್ತಿದ್ದ ನಮ್ಮ ಹಾಸನದ ಬಾನು ಮುಷ್ತಾಕ್ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದರು. ಐವತ್ತು ಸಾವಿರ ಪೌಂಡು, ಅನುವಾದಿಸಿದ ದೀಪಾ ಭಾಸ್ತಿಯವರ ಜೊತೆ ಸಮಪಾಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಇವರು ಬರೆದದ್ದು ಬರೆಯಲೇಬೇಕಾಗಿದ್ದ ಕಥೆಗಳು. ಆದರೆ ಅವರ ನಂತರದ ಹುಡುಗಿಯರಿಗೆ ಅದೊಂದೇ ಬಾಗಿಲು ತೆರೆದಿದ್ದರೆ ಅದು ಆ ಹಿರಿಯರ ಕೊರತೆಯಲ್ಲ, ಬಾಗಿಲು ಕಾಯುವವರ ಕೊರತೆ.

ಕನ್ನಡದಲ್ಲಿ ವಿಜ್ಞಾನ ಕಥೆಗಾರರು ಇಲ್ಲವೆಂದಲ್ಲ. ರಾಜಶೇಖರ ಭೂಸನೂರಮಠ, ಸಂಜಯ ಹಾವನೂರ ಇಬ್ಬರೂ 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ತಂದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಸೇರಿದ್ದಾರೆ. ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಹಾರುವ ಓತಿಯನ್ನು ಹಿಡಿದು ಲಕ್ಷಾಂತರ ವರ್ಷ ಹಿಂದಕ್ಕೆ ನೋಡಿತು. ಆದರೆ ಅದನ್ನು ನಾವು ಪರಿಸರದ ಕಾದಂಬರಿ ಎನ್ನುತ್ತೇವೆ, ವಿಜ್ಞಾನ ಕಥೆ ಎನ್ನುವುದಿಲ್ಲ. ಆ ಹೆಸರಿಟ್ಟರೆ ಎಲ್ಲಿ ಮಕ್ಕಳ ಪುಟಕ್ಕೆ ಹೋದೀತೋ ಎಂಬ ಅಳುಕು ಇನ್ನೂ ಇದೆ.

ಹಾಗಾದರೆ ಕಳಿಸುವುದೆಲ್ಲಿಗೆ? ಹುಡುಗಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೊದಲು ದೀಪಾವಳಿ, ಯುಗಾದಿ ಸ್ಪರ್ಧೆಗಳು. ಅಲ್ಲಿ ಕಥೆಯ ಬಗೆಗೆ ನಿರ್ಬಂಧವಿಲ್ಲದಿದ್ದರೆ ಮೋಡಕ್ಕೂ ಜಾಗವಿದೆ ಎಂದೇ ಅರ್ಥ. ಬಳಿಕ ವಾರಪತ್ರಿಕೆ, ಮಾಸಿಕಗಳು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಂಥ ಮೊಬೈಲ್ ವೇದಿಕೆಗಳಲ್ಲಿ ದೆವ್ವ, ಮಾಯೆ, ಅದ್ಭುತದ ಕಥೆಗಳಿಗೂ ಓದುಗರಿದ್ದಾರೆ. ಆದರೆ ಅಲ್ಲಿ ಆದಾಯ ಬರುವುದು ಕಂತು ಕಂತಾಗಿ ವರ್ಷಗಟ್ಟಲೆ ಬರೆದವರಿಗೆ. ಒಂದರ್ಥದಲ್ಲಿ ಅದು ನವಲ್ ಕಿಶೋರ್ ಅಂಗಡಿಯೇ. ಹೊರದೇಶದ ಇಂಗ್ಲಿಷ್ ಪತ್ರಿಕೆಗಳು ಪದಕ್ಕಿಷ್ಟು ಸೆಂಟ್ ಎಂದು ಲೆಕ್ಕ ಹಾಕಿ ಕೊಡುತ್ತವೆ. ಅಲ್ಲಿಗೆ ಹೋಗಲು ಒಳ್ಳೆಯ ಅನುವಾದಕರು ಬೇಕು. ಅಂಥ ಒಂದು ಹೆಸರಾಂತ ಪತ್ರಿಕೆ, ಕ್ಲಾರ್ಕ್ಸ್‌ವರ್ಲ್ಡ್, 2023ರ ಫೆಬ್ರವರಿಯಲ್ಲಿ ಯಂತ್ರ ಬರೆದ ಕಥೆಗಳ ನೆರೆ ತಡೆಯಲಾರದೆ ಕೆಲಕಾಲ ಬಾಗಿಲನ್ನೇ ಮುಚ್ಚಿತ್ತು.

ಬರೆದವರಿಂದಲೇ ಪ್ರವೇಶ ಶುಲ್ಕ ಕೇಳುವ, ಗೆದ್ದವರೆಲ್ಲ ಪುಸ್ತಕದ ಹತ್ತು ಪ್ರತಿ ಕೊಳ್ಳಬೇಕೆನ್ನುವ ಸ್ಪರ್ಧೆಗಳಿಂದ ದೂರವಿರಿ. ಇನ್ನೊಂದು ಮಾತು ಕಾನೂನಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಥೆಯ ಮೊದಲ ಒಡೆಯ ಸಾಮಾನ್ಯವಾಗಿ ಬರೆದವರೇ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಪತ್ರದಲ್ಲಿ ಅವಧಿ ಹೇಳಿರದಿದ್ದರೆ ಅದು ಐದು ವರ್ಷಕ್ಕೆ ಸೀಮಿತ, ಪ್ರದೇಶ ಹೇಳಿರದಿದ್ದರೆ ಭಾರತಕ್ಕೆ ಸೀಮಿತ. ಹಳೆಯ ಕಾಲದ ಕಾದಂಬರಿಕಾರರು ಕೈಗೆ ಬಂದ ಇಡಿಗಂಟು ತೆಗೆದುಕೊಂಡು ಹಕ್ಕು ಬರೆದುಕೊಟ್ಟ ಕಥೆಗಳನ್ನು ಕೇಳಿದ್ದೇವೆ. ಸಹಿ ಹಾಕುವ ಮುನ್ನ ಓದಬೇಕಾದ ಸಾಲುಗಳು ಇವು.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಮೊಬೈಲಿನಲ್ಲೇ ಕಥೆಯನ್ನು ಟೈಪು ಮಾಡಿ ಒಂದು ವಾರದ ಮೇಲೆ ತಂದು ತೋರಿಸಿದಳು. ಪುಟಗಳ ಮೇಲೆ ಎಲ್ಲೂ ಹೆಸರಿರಲಿಲ್ಲ, ಬೇರೆ ಹಾಳೆಯಲ್ಲಿತ್ತು. ಆದರೆ ಕಥೆಯ ಫೈಲಿಗೆ ಮಾತ್ರ ತನ್ನ ಪೂರ್ತಿ ಹೆಸರನ್ನೇ ಕೊಟ್ಟಿದ್ದಳು. ತೋರಿಸಿದೆ. ನಕ್ಕು, ಅದನ್ನು ಅಳಿಸಿ, 'ಮೋಡದ ಗುತ್ತಿಗೆ' ಎಂದು ಬದಲಿಸಿ ಕಳಿಸಿದಳು.