ಎಡೆದೊರೆ ನಾಡೂ ವಿಮಾಗಣಿತವೂ

ಶಾಸನಗಳಲ್ಲಿ ‘ಎಡೆದೊರೆ ಎರಡು ಸಾಸಿರ’ವೆಂದು ಹೆಸರುಗೊಂಡ ನಾಡು ಕೃಷ್ಣಾ ತುಂಗಭದ್ರೆಗಳ ನಡುವಣ ಪ್ರದೇಶವೆಂದು ವಿದ್ವಾಂಸರು ಗುರುತಿಸಿರುವರು. ಈಗಿನ ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಈ ನಾಡಿಗೆ ಸೇರಿದುವು. ಈ ಸೀಮೆಯ ಶಿಲಾಶಾಸನಗಳನ್ನೂ ಚಿನ್ನದ ಗಣಿಗಳನ್ನೂ ಕುರಿತು ಬರೆದವರು ಬಹುಮಂದಿ ಇದ್ದಾರೆ. ಪ್ರಕೃತ ಲೇಖನದ ವಿಷಯವಾದರೋ ಬೇರೆಯದು. ನಮ್ಮ ಕಾಲದ ವಿದ್ಯಾರ್ಥಿಗಳು ಪದವಿ ವ್ಯಾಸಂಗಕ್ಕಾಗಿ ಆರಿಸಿಕೊಳ್ಳುತ್ತಿರುವ ಹೊಸ ವಿದ್ಯೆಗಳಲ್ಲಿ ‘ಆಕ್ಚುಯೇರಿಯಲ್’ ಶಾಸ್ತ್ರವೂ ಒಂದು. ಇದನ್ನು ನಾವು ವಿಮಾಗಣಿತವೆಂದು ಕರೆಯೋಣ. ಸಂಭವಗಣಿತ, ಸಂಖ್ಯಾಶಾಸ್ತ್ರ, ಬಡ್ಡಿಯ ಲೆಕ್ಕ, ಆಯುಷ್ಯದ ಪಟ್ಟಿಗಳ ಲೆಕ್ಕ, ಅರ್ಥಶಾಸ್ತ್ರ ಇವು ಅದರ ಅಂಗಗಳು. ಪದವಿಯೊಂದರಿಂದಲೇ ಯಾರೂ ವಿಮಾಗಣಕರಾಗುವುದಿಲ್ಲ. 2006ರ ಶಾಸನದಿಂದ ಸ್ಥಾಪಿತವಾದ ಭಾರತೀಯ ವಿಮಾಗಣಕರ ಸಂಸ್ಥೆಯ ಪರೀಕ್ಷೆಗಳನ್ನು ಒಂದೊಂದಾಗಿ ದಾಟಬೇಕು. ಈ ವ್ಯಾಸಂಗವು ಬಹುಮಟ್ಟಿಗೆ ಮಹಾನಗರಗಳಲ್ಲಿ, ಇಂಗ್ಲಿಷಿನಲ್ಲಿಯೇ ನಡೆಯುವುದು. ಪಠ್ಯಗ್ರಂಥಗಳು ಈ ಶಾಸ್ತ್ರದ ಚರಿತ್ರೆಯನ್ನು ಬ್ರೆಸ್ಲೌ ಪಟ್ಟಣದಿಂದಲೂ ಲಂಡನ್ನಿನಿಂದಲೂ ಆರಂಭಿಸುವುವು. ಅದು ಮರಣದ ಲೆಕ್ಕದ ಚರಿತ್ರೆ. ಆದರೆ ಕನ್ನಡನಾಡಿನಲ್ಲಿ ಇದೇ ಗಣಿತವನ್ನು ಮಳೆಯ ಲೆಕ್ಕಕ್ಕೆ ಹೂಡಬೇಕೆಂಬ ಯೋಜನೆಯೊಂದು 1915ರಲ್ಲಿಯೇ ಹುಟ್ಟಿತು. ಎಡೆದೊರೆಯಂತಹ ಸೀಮೆಗೆ ಆ ಎರಡನೆಯ ಚರಿತ್ರೆಯೇ ಹೆಚ್ಚು ಹತ್ತಿರದ್ದೆಂದು ನಮಗೆ ತೋರುತ್ತದೆ.

ವಿಮಾಗಣಿತಕ್ಕೆ ಎರಡು ಕಾಲುಗಳು. ಒಂದು ಬಡ್ಡಿ, ಇನ್ನೊಂದು ಸಂಭವ. ಬಡ್ಡಿಯ ಲೆಕ್ಕವು ನಮ್ಮವರಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ 9ನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಅಸಲು, ಬಡ್ಡಿ, ಕಾಲಗಳು ಬೆರೆತ ಸಮಸ್ಯೆಗಳನ್ನು ಮಿಶ್ರಕವ್ಯವಹಾರದಲ್ಲಿ ವಿಸ್ತಾರವಾಗಿ ಬಿಡಿಸಿರುವನು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ವಿಧವಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯಸೂತ್ರವನ್ನೂ ಆತನು ಕೊಟ್ಟಿದ್ದಾನೆ. ಇಂದಿನ ಸಂಭವಗಣಿತವು ಮೊದಲ ಪಾಠದಲ್ಲಿಯೇ ಆ ಸೂತ್ರವನ್ನು ಬಳಸುವುದು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು.

ಇಲ್ಲದಿದ್ದುದು ಎರಡನೆಯ ಕಾಲು. ಎಷ್ಟು ಜನರಲ್ಲಿ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುವರೆಂಬ ಎಣಿಕೆಯನ್ನು ನಮ್ಮವರು ಮಾಡಿದಂತೆ ಕಾಣದು. ಸಾವನ್ನು ಕಲ್ಲಿನಲ್ಲಿ ಬರೆದಿಡುವುದರಲ್ಲಿ ಕನ್ನಡನಾಡಿಗೆ ಸರಿಸಮಾನವಾದ ನಾಡುಗಳು ವಿರಳ. ಆದರೆ ವೀರಗಲ್ಲೂ ನಿಷಿಧಿಯೂ ಆಯ್ದ ಕೆಲವರ ಮರಣವನ್ನು ಹೇಳುವುವೇ ಹೊರತು ಊರಿನ ಎಲ್ಲರದನ್ನಲ್ಲ. ಬ್ರೆಸ್ಲೌ ಪಟ್ಟಣದಲ್ಲಿ ಕಾಸ್ಪರ್ ನಾಯ್ಮನ್ ಎಂಬ ಪಾದ್ರಿಯು 1687ರಿಂದ 1691ರವರೆಗಿನ ಜನನಮರಣಗಳನ್ನು ಸಂಗ್ರಹಿಸಿದ್ದನು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿಯು 1693ರಲ್ಲಿ ಅದರಿಂದ ಆಯುಷ್ಯದ ಪಟ್ಟಿಯನ್ನು ಕಟ್ಟಿದನು.

ಭಾರತಕ್ಕೆ ಇಂತಹ ಪಟ್ಟಿಗಳು ದೊರೆತುದು ಜನಗಣತಿಯ ಮೂಲಕ. 1881, 1891, 1901ರ ಗಣತಿಗಳಿಗೆ ಜಿ. ಎಫ್. ಹಾರ್ಡಿ ಎಂಬ ವಿಮಾಗಣಕರು ಅವನ್ನು ಸಿದ್ಧಪಡಿಸಿದರು. (ರಾಮಾನುಜನ್ನರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿಯವರು ಬೇರೆ.) ಅವರಿಗೆ ಒದಗಿದ ತೊಡಕು ಚಿತ್ರವಾದುದು. ನಮ್ಮ ಜನರು ವಯಸ್ಸನ್ನು ಮೂವತ್ತು, ನಲವತ್ತು, ಐವತ್ತು ಎಂದು ದುಂಡಾಗಿ ಹೇಳುವರು. ಮೂವತ್ತೊಂದು ವರ್ಷದವರು ದೇಶದಲ್ಲಿ ಇಲ್ಲವೇ ಇಲ್ಲವೆಂಬಂತೆ ಗಣತಿಯು ತೋರುವುದು. ಅಂಕಿಗಳ ಈ ಉಬ್ಬುತಗ್ಗುಗಳನ್ನು ತಿದ್ದಿ ಸಮಮಾಡುವುದೇ ಆಗ ವಿಮಾಗಣಕನ ಅರ್ಧ ಕೆಲಸವಾಗಿದ್ದಿತು. 1911ರಿಂದ 1921ರವರೆಗಿನ ದಶಕದಲ್ಲಿ, 1918ರ ಇನ್‌ಫ್ಲುಯೆನ್ಸದ ಮಾರಿಯಿಂದಾಗಿ, ಭಾರತದಲ್ಲಿ ಹುಟ್ಟಿದ ಕೂಸಿನ ಆಯುಷ್ಯದ ನಿರೀಕ್ಷೆ ಸುಮಾರು 20 ವರ್ಷಕ್ಕೆ ಇಳಿದಿತ್ತೆಂದು ತಿಳಿದುಬರುತ್ತದೆ.

ಜೀವವಿಮೆಯು ಕನ್ನಡನಾಡಿನ ಎರಡು ಭಾಗಗಳಿಗೆ ಎರಡು ದಾರಿಗಳಲ್ಲಿ ಬಂದಿತು. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಲ್ಲಿಯೇ ಸರ್ಕಾರಿ ವಿಮೆಯನ್ನು ತೆರೆಯಿತು. ಎಡೆದೊರೆಯು ನಿಜಾಮರ ರಾಜ್ಯದಲ್ಲಿದ್ದುದರಿಂದ, ಇಲ್ಲಿಯ ಸರ್ಕಾರಿ ನೌಕರನಿಗೆ ಹೈದರಾಬಾದಿನಲ್ಲಿ 1907ರಲ್ಲಿ ಆರಂಭವಾಗಿ 1913ರಲ್ಲಿ ಜೀವವಿಮಾನಿಧಿಯಾಗಿ ಮಾರ್ಪಟ್ಟ ಕುಟುಂಬವೇತನದ ಏರ್ಪಾಡೇ ಗತಿ. ಲಿಂಗಸುಗೂರು ಒಂದು ಕಾಲಕ್ಕೆ ದಂಡಿನ ಠಾಣ್ಯವೂ ಜಿಲ್ಲೆಯ ಮುಖ್ಯಸ್ಥಳವೂ ಆಗಿದ್ದಿತು. 1905ರಲ್ಲಿ ಆ ಜಿಲ್ಲೆಯು ರಾಯಚೂರಿನಲ್ಲಿ ಲೀನವಾಯಿತು. ಕಚೇರಿಯ ಗುಮಾಸ್ತನಿಗೆ ಈ ನಿಧಿಯ ಆಸರೆಯಿದ್ದಿತು. ಅವನು ಕಂದಾಯ ಎತ್ತುತ್ತಿದ್ದ ರೈತನಿಗೆ ಅಂತಹುದೊಂದು ಇರಲಿಲ್ಲ. ರೈತನ ಮುಖ್ಯವಾದ ಭಯವು ತನ್ನ ಸಾವಲ್ಲ, ಮಳೆಯ ತಪ್ಪು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 24 ಅಂಗುಲ. ಅದೂ ಹೊತ್ತಿಗೆ ಬಾರದು. 1876–78ರ ಬರವು ಈ ಭಾಗವನ್ನೆಲ್ಲ ಹಾಳುಮಾಡಿತು.

ಇಲ್ಲಿಯೇ ಮೈಸೂರಿನ ಜೆ. ಎಸ್. ಚಕ್ರವರ್ತಿಯವರ ಹೆಸರನ್ನು ತರಬೇಕಾಗಿದೆ. ಅವರು 1915ರಿಂದ ‘ಮೈಸೂರು ಎಕನಾಮಿಕ್ ಜರ್ನಲ್’ ಪತ್ರಿಕೆಯಲ್ಲಿ ವ್ಯವಸಾಯವಿಮೆಯನ್ನು ಕುರಿತು ಲೇಖನಗಳನ್ನು ಬರೆದು, 1920ರಲ್ಲಿ ಆ ವಿಷಯವಾಗಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅವರ ಯೋಜನೆಯ ತಿರುಳು ಇದು: ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ಬೆಳೆಯ ನಷ್ಟವನ್ನು ಅಳೆಯುವುದು ಬೇಡ; ಒಂದು ಪ್ರದೇಶದ ಮಳೆಮಾಪಕವನ್ನು ನೋಡಿದರೆ ಸಾಕು. ಮಳೆಯು ವಾಡಿಕೆಯ ಪ್ರಮಾಣಕ್ಕಿಂತ ಗೊತ್ತುಮಾಡಿದಷ್ಟು ಕಡಮೆಯಾದರೆ ಆ ಪ್ರದೇಶದಲ್ಲಿ ವಿಮೆಮಾಡಿದವರಿಗೆಲ್ಲ ಪರಿಹಾರ ಸಲ್ಲಬೇಕು. ನಷ್ಟವನ್ನು ಉಬ್ಬಿಸಿ ಹೇಳಲು ಇದರಲ್ಲಿ ಅವಕಾಶವಿಲ್ಲ; ಸೋಮಾರಿಗೆ ಲಾಭವೂ ಇಲ್ಲ; ತನಿಖೆಯ ವೆಚ್ಚವೂ ಇಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಕೋಷ್ಠಾಗಾರದ ಮುಂದೆ ಮಳೆಯನ್ನು ಅಳೆಯುವ ಕುಂಡವನ್ನಿಡಬೇಕೆಂಬ ವಿಧಿಯೂ, ನಾಡುನಾಡುಗಳ ಮಳೆಯ ಪ್ರಮಾಣವೂ ಹೇಳಿವೆ; ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಮೈಸೂರಿನಲ್ಲಿ 1909ರಲ್ಲಿ ಅಚ್ಚುಮಾಡಿಸಿದ್ದರು. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಇನ್ನೊಂದು ಕಾಕತಾಳೀಯವನ್ನೂ ಇಲ್ಲಿಯೇ ಹೇಳಿಬಿಡಬಹುದು: ಗಣಿಯ ಎಂಜಿನಿಯರ್ ಬೀಡನ್ನರು ಅಶೋಕನ ಹೆಸರುಳ್ಳ ಮಸ್ಕಿಯ ಶಾಸನವನ್ನು ಕಂಡುಹಿಡಿದುದೂ ಅದೇ 1915ರಲ್ಲಿ. ಆ ಶೋಧವು ಜಗತ್ಪ್ರಸಿದ್ಧವಾಯಿತು. ಚಕ್ರವರ್ತಿಯವರ ಲೇಖನಗಳನ್ನು ನೆನೆಯುವವರು ಬಹುಕಾಲದವರೆಗೆ ವಿರಳರಾಗಿದ್ದರು.

ಮಳೆಯ ವಿಮೆಯು ಜೀವವಿಮೆಗಿಂತ ಏಕೆ ಕಠಿನವೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸಬಹುದು. ಸಾವಿರ ಮಂದಿಯ ಒಂದು ಕೂಟದಲ್ಲಿ ವರ್ಷಕ್ಕೆ ಹತ್ತು ಮಂದಿ ಸಾಯುವರೆನ್ನೋಣ. ಒಬ್ಬೊಬ್ಬರಿಗೆ ನೂರು ರೂಪಾಯಿ ಕೊಡಬೇಕಾದರೆ ಪ್ರತಿಯೊಬ್ಬನೂ ಒಂದು ರೂಪಾಯಿ ತೆತ್ತರೆ ಸಾಕು. ಒಂದು ವರ್ಷ ಒಂಬತ್ತು, ಇನ್ನೊಂದು ವರ್ಷ ಹನ್ನೆರಡು ಮಂದಿ ಸತ್ತರೂ ನಿಧಿಯು ತಾಳುವುದು. ಒಬ್ಬನ ಸಾವು ಸಾಮಾನ್ಯವಾಗಿ ಇನ್ನೊಬ್ಬನ ಸಾವಿಗೆ ಕಾರಣವಾಗದಿರುವುದೇ ಇದರ ಆಧಾರ. ಈಗ ಸಾವಿರ ಹೊಲಗಳನ್ನು ತೆಗೆದುಕೊಳ್ಳೋಣ. ಐದು ವರ್ಷಕ್ಕೊಮ್ಮೆ ಬರವೆಂದರೆ ನೂರು ರೂಪಾಯಿಯ ಪರಿಹಾರಕ್ಕೆ ವರ್ಷಕ್ಕೆ ಇಪ್ಪತ್ತು ರೂಪಾಯಿ ಕಂತು. ಲೆಕ್ಕವು ಸರಿಯೇ. ಆದರೆ ಮೊದಲ ವರ್ಷವೇ ಮಳೆ ಹೋದರೆ? ನಿಧಿಯಲ್ಲಿರುವುದು 20,000, ಕೊಡಬೇಕಾದುದು 1,00,000. ಬರವು ಬಂದಾಗ ಒಬ್ಬನಿಗೆ ಬಾರದು, ಎಲ್ಲರಿಗೂ ಬರುವುದು. ಆದಕಾರಣ ಇಂತಹ ನಿಧಿಯನ್ನು ಹಲವು ವರ್ಷಗಳ ಮೇಲೂ ಹಲವು ಸೀಮೆಗಳ ಮೇಲೂ ಹರಡಬೇಕು. ಲಿಂಗಸುಗೂರಿನ ಮೇಲೆ ಬಾರದ ಮೋಡವು ಮಸ್ಕಿಗೂ ಬಾರದು. ಇವೆರಡನ್ನೇ ಕೂಡಿಸಿದರೆ ಫಲವಿಲ್ಲ, ಮಲೆನಾಡನ್ನೂ ಕರಾವಳಿಯನ್ನೂ ಕೂಡಿಸಬೇಕು. ಅಷ್ಟಾದರೂ ಸರ್ಕಾರದ ಬೆಂಬಲವಿಲ್ಲದೆ ನಿಲ್ಲುವುದು ದುಸ್ತರ.

ಸಿಂಧನೂರಿನ ಸ್ಥಿತಿಯು ಬೇರೆಯೆಂದು ಆಕ್ಷೇಪಿಸಬಹುದು. 1953ರಿಂದ ತುಂಗಭದ್ರೆಯ ಎಡದಂಡೆಯ ಕಾಲುವೆಯಲ್ಲಿ ನೀರು ಹರಿದು, ಜೋಳದ ಹೊಲಗಳು ಬತ್ತದ ಗದ್ದೆಗಳಾದುವು. ಆದರೆ ಕಾಲುವೆಯು ಅಪಾಯವನ್ನು ಅಳಿಸಲಿಲ್ಲ. ಅದರ ಸ್ಥಾನವನ್ನು ಬದಲಿಸಿತು. ಮೊದಲು ಊರಿನ ಮೇಲಣ ಮುಗಿಲಿನಲ್ಲಿದ್ದುದು ಈಗ ದೂರದ ಜಲಾಶಯಕ್ಕೆ ಹೋಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ, ಮಳೆಗೆ ಕೊರತೆಯಿಲ್ಲದ ವರ್ಷದಲ್ಲಿಯೂ ಸಾವಿರಾರು ಗದ್ದೆಗಳವರು ಒಂದೇ ರಾತ್ರಿ ಒಂದೇ ಭಯಕ್ಕೆ ಒಳಗಾದರು. ಇಂತಹ ಅಪಾಯಕ್ಕೆ ಮಳೆಮಾಪಕವು ಸಾಕ್ಷಿಯಾಗಲಾರದು.

ಮುಂದಿನ ಕಥೆಯನ್ನು ಸಂಕ್ಷೇಪಿಸಬಹುದು. 1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮವು ಸ್ಥಾಪಿತವಾಯಿತು. ಎರಡೇ ತಿಂಗಳ ತರುವಾಯ ರಾಯಚೂರು ಜಿಲ್ಲೆಯು ಕನ್ನಡ ರಾಜ್ಯದೊಳಗೆ ಬಂದಿತು. ಪ್ರದೇಶವನ್ನೇ ಘಟಕವಾಗಿಟ್ಟುಕೊಳ್ಳಬೇಕೆಂಬ ಅಭಿಪ್ರಾಯವನ್ನು ವಿ. ಎಂ. ದಾಂಡೇಕರರು 1976ರಲ್ಲಿ ಮತ್ತೆ ಎತ್ತಿದರು. ದೇಶಾದ್ಯಂತ ಬೆಳೆವಿಮೆ 1985ರಲ್ಲಿ ಬಂದಿತು. ಹವಾಮಾನವನ್ನೇ ಆಧರಿಸಿದ ಕೇಂದ್ರಸರ್ಕಾರದ ಬೆಳೆವಿಮೆಯು 2007ರ ಮುಂಗಾರಿನಲ್ಲಿ ಪ್ರಯೋಗಾರ್ಥವಾಗಿ ಮೊದಲು ನಡೆದುದು ಕರ್ನಾಟಕದಲ್ಲಿ. ಚಕ್ರವರ್ತಿಯವರ ಮೊದಲ ಲೇಖನಗಳಿಂದ ಅಲ್ಲಿಗೆ 92 ವರ್ಷ. 2016ರ ಫಸಲ್ ಬಿಮಾ ಯೋಜನೆಯಲ್ಲಿ ಕಂತಿನ ಪೂರ್ಣದರವನ್ನು ವಿಮಾಗಣಿತದ ಪ್ರಕಾರ ಕಟ್ಟಿ, ಮುಂಗಾರಿನ ಆಹಾರಬೆಳೆ, ಎಣ್ಣೆಕಾಳುಗಳಿಗೆ ರೈತನಿಂದ ನೂರಕ್ಕೆ ಎರಡರಂತೆ ತೆಗೆದುಕೊಂಡು, ಮಿಕ್ಕುದನ್ನು ಸರ್ಕಾರಗಳು ಭರಿಸುವ ಏರ್ಪಾಡಾಯಿತು.

ಉಳಿದಿರುವ ಪ್ರಶ್ನೆಯು ಚಕ್ರವರ್ತಿಯವರ ಕಾಲದ್ದೇ. ಮಳೆಮಾಪಕದಲ್ಲಿ ಬಿದ್ದ ಮಳೆಯು ಹೊಲದಲ್ಲಿ ಬೀಳದೆ ಹೋದರೆ ಏನು ಗತಿ? ಈಗ ಗ್ರಾಮಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಾಪಕಗಳು ಬಂದು ಆ ಅಂತರವು ಬಹುಮಟ್ಟಿಗೆ ತಗ್ಗಿದೆ. ಆದರೆ ಈ ಹೊಸ ಮಾಪಕಗಳ ದಾಖಲೆಯ ಅವಧಿಯು ಚಿಕ್ಕದು. ಐದು ವರ್ಷಕ್ಕೊಮ್ಮೆ ಬರವೋ ಎಂಟು ವರ್ಷಕ್ಕೊಮ್ಮೆಯೋ ಎಂದು ನಿಶ್ಚಯಿಸಲು ಹಲವು ದಶಕಗಳ ಅಂಕಿಗಳು ಬೇಕು. ಅವು ದೊರೆಯಬೇಕಾದುದು ತಾಲ್ಲೂಕು ಕಚೇರಿಗಳ ಹಳೆಯ ಮಳೆಪುಸ್ತಕಗಳಲ್ಲಿಯೇ. ನಿಜಾಮರ ಆಡಳಿತದಲ್ಲಿ ಫಸಲಿ ಸನದಲ್ಲಿ ಕಾಲವನ್ನು ಎಣಿಸಿ, ಉರ್ದುವಿನಲ್ಲಿ ಲೆಕ್ಕ ಬರೆಯುತ್ತಿದ್ದ ಈ ಸೀಮೆಯಲ್ಲಿ ಆ ಅಂಕಿಗಳನ್ನು ಓದಿ, ಈಗಿನ ವರ್ಷಮಾನಕ್ಕೆ ಹೊಂದಿಸುವ ಕೆಲಸಕ್ಕೆ ಗಣಿತ ಬಲ್ಲವನೊಬ್ಬನೂ ಹಳೆಯ ದಫ್ತರವನ್ನು ಓದಬಲ್ಲವನೊಬ್ಬನೂ ಜೊತೆಗೂಡಿ ಕುಳಿತುಕೊಳ್ಳಬೇಕು.