ಏರಿಯ ಯೋಗಕ್ಷೇಮ

ಕಡಪ ಜಿಲ್ಲೆಯ ಪೊರುಮಾಮಿಳ್ಳದ ಸಂಸ್ಕೃತ ಶಾಸನವು, ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕ್ರಿ.ಶ. 1369ರಲ್ಲಿ ಕಟ್ಟಿಸಿದ ಅನಂತರಾಜಸಾಗರವೆಂಬ ಕೆರೆಯನ್ನು ಕುರಿತದ್ದು. ದಿನವಹಿ 1000 ಆಳುಗಳೂ, ಕಲ್ಲು ಸಾಗಿಸಲು 100 ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕಾರ್ಯ ಮುಗಿಯಿತೆಂಬ ಹೆಗ್ಗಳಿಕೆಗಿಂತ, ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಅದಕ್ಕೆ ತಗಲಬಹುದಾದ ಆರು ದೋಷಗಳನ್ನೂ ಅದು ನಿರೂಪಿಸುವ ರೀತಿಯೇ ನನಗೆ ಮಿಗಿಲಾಗಿ ತೋರುವುದು. ಧರ್ಮಿಷ್ಠನಾದ ಅರಸು, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ಜೇಡಿನೆಲ, ಅತಿ ಉದ್ದವಲ್ಲದ ಏರಿ, ನುರಿತ ಕೆಲಸಗಾರರು ಇವೆಲ್ಲ ಸಾಧನಗಳು. ದೋಷಗಳ ಪೈಕಿ ಎರಡು ರಾಜ್ಯಗಳ ಗಡಿಯೂ ಒಂದು. ಇದನ್ನು ಬರೆಯಿಸಿದಾತನು ಮಣ್ಣಿನಷ್ಟೇ ಮನುಷ್ಯರನ್ನೂ ಅರಿತವನೆಂಬುದರಲ್ಲಿ ಸಂದೇಹವಿಲ್ಲ.

ಏರಿಯಿಂದ ನೀರು ಜಿನುಗುವುದನ್ನೂ ಅವನು ದೋಷವೆಂದೇ ಎಣಿಸಿದನು. ಮಣ್ಣಿನ ಏರಿಯು ಜಿನುಗುವುದು ಸಹಜವಾದರೂ, ಆ ನೀರು ತಿಳಿಯಾಗಿರದೆ ಕದಡಿ ಬಂದರೆ, ಅದು ಒಳಗಿನ ಸಣ್ಣ ಮಣ್ಣನ್ನು ಕಣಕಣವಾಗಿ ಹೊತ್ತು ತರುತ್ತಿದೆಯೆಂದೂ, ತೂಬಿನ ಮಗ್ಗುಲಲ್ಲಿಯೋ ಹೆಗ್ಗಣದ ಬಿಲದಲ್ಲಿಯೋ ಕೊಳೆತ ಬೇರಿನ ಜಾಡಿನಲ್ಲಿಯೋ ಪೊಳ್ಳೊಂದು ಬೆಳೆಯುತ್ತಿದೆಯೆಂದೂ ತಿಳಿಯಬೇಕು. ಕೋಡಿ ಕಟ್ಟಿಕೊಂಡು ನೀರು ಏರಿಯ ತಲೆಯ ಮೇಲೆಯೇ ಹರಿದರಂತೂ ಕೆರೆ ಒಡೆಯಲು ಹೆಚ್ಚು ಹೊತ್ತು ಬೇಡ. ಸಾಲುಕೆರೆಗಳ ನಾಡಿನಲ್ಲಿ ಮೇಲಿನದೊಂದು ಒಡೆದರೆ ಕೆಳಗಿನವೂ ಅದರ ಪಾಲಾಗುವುವು.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಮಹಾಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರೆಂದೂ, ಅದು ಎರಡು ಮೂರು ಸಲ ಒಡೆದುದರಿಂದ ನರಬಲಿ ಕೊಡಿಸಲಾಯಿತೆಂದೂ ಬರೆದಿದ್ದಾನೆ. ಬಲಿಯನ್ನು ಬೇಡಿದುದು ದೇವತೆಯೋ, ಸರಿಯಾಗಿ ತುಳಿಯದ ಮಣ್ಣೋ, ಓದುಗರೇ ಊಹಿಸಲಿ.

ಆದರೆ ಕಟ್ಟಿದವನ ಕೀರ್ತಿ ಕಲ್ಲಿನ ಮೇಲೆ ಉಳಿಯುವುದಾದರೂ, ಏರಿ ಉಳಿಯುವುದು ಅನಾಮಿಕರ ದುಡಿಮೆಯಿಂದ. ಇದನ್ನರಿತ ನಮ್ಮ ಹಿರಿಯರು ಕೆರೆಯ ಕೆಳಗಿನ ಭೂಮಿಯಲ್ಲಿ ಬಿಟ್ಟುವಟ್ಟವನ್ನೂ ಕೆರೆಗೊಡಗೆಯನ್ನೂ ಬಿಟ್ಟು, ಅದರ ಆದಾಯವನ್ನು ಕೆರೆಯ ಜೀರ್ಣೋದ್ಧಾರಕ್ಕೆ ಮೀಸಲಿಟ್ಟರು. ಹೂಳೆತ್ತುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ವೆಚ್ಚ ಸಲ್ಲುವಂತೆ ಕೆಲವು ಶಾಸನಗಳು ದತ್ತಿ ನಿಗದಿ ಮಾಡಿವೆ. ತೂಬನ್ನು ತೆರೆದು ಮುಚ್ಚಿ ನೀರು ಹಂಚುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆ ತುಂಬಿದ ರಾತ್ರಿಗಳಲ್ಲಿ ಏರಿಯ ಮೇಲೆ ಮೊದಲು ನಡೆಯಬೇಕಾದವನೂ ಅವನೇ.