ಆಟದ ಪೆಟ್ಟಿಗೆಯ ತಲೆಬಾಗಿಲು

ಮೆನು ಎಂದೊಡನೆ ನಮ್ಮವರಿಗೆ ನೆನಪಾಗುವುದು ಹೋಟೆಲಿನ ಗೋಡೆಗೆ ತೂಗುಹಾಕಿದ ತಿಂಡಿಗಳ ಪಟ್ಟಿ. ಆದರೆ ೧೯೯೦ರ ದಶಕದಲ್ಲಿ ಹುಡುಗರಾಗಿದ್ದ ನಮ್ಮಂಥವರಿಗೆ ಇನ್ನೊಂದು ಪಟ್ಟಿಯ ನೆನಪೂ ಇದೆ. ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಕ್ಯಾಸೆಟ್ಟಿನ ಮೇಲೆ, ಒಳಗೆ ಸಾವಿರಗಟ್ಟಲೆ ಆಟಗಳಿವೆಯೆಂದು ಅಚ್ಚಾಗಿರುತ್ತಿತ್ತು. ತೆರೆಯ ಮೇಲೆ ಹೆಸರುಗಳು ಪುಟಪುಟವಾಗಿ ಉರುಳುತ್ತಿದ್ದವು. ಒಂದೊಂದನ್ನೇ ಒತ್ತಿ ನೋಡುತ್ತ ಹೋದರೆ, ಅವವೇ ಹತ್ತಿಪ್ಪತ್ತು ಆಟಗಳು ಹೊಸ ಹೊಸ ಹೆಸರು ಹೊತ್ತು ಮರಳಿ ಬರುತ್ತಿದ್ದವು! ಪಟ್ಟಿ ಬರೆದವನು ನಮಗೆ ಟೋಪಿ ಹಾಕಿದ್ದನು. ಆಟಕ್ಕೆ ಮೊದಲು ಕಾಣುವ ಆ ಪಟ್ಟಿಯನ್ನು ಬರೆಯುವ ಅಧಿಕಾರ ಯಾರದು ಎಂಬ ಪ್ರಶ್ನೆ ಆಗ ನಮಗೆ ಹೊಳೆದಿರಲಿಲ್ಲ. ಹೊಳೆದವರು ಬೇರೆ ದೇಶಗಳಲ್ಲಿದ್ದರು.

ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಲೋಕಪ್ರಸಿದ್ಧವಾದ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಜಪಾನಿನಲ್ಲಿ ಹೊರಬಂದುದು ೧೯೮೯ರ ಏಪ್ರಿಲಿನಲ್ಲಿ. ಅದಕ್ಕೆ ಮೆನು ಇರಲಿಲ್ಲ. ಒಂದು ಕ್ಯಾಸೆಟ್ಟಿಗೆ ಒಂದು ಆಟವಾದ ಮೇಲೆ ಆರಿಸುವುದಾದರೂ ಏನನ್ನು? ಬಾಗಿಲಿಲ್ಲದಿದ್ದರೂ ಬಾಗಿಲು ಕಾಯುವವನೊಬ್ಬನಿದ್ದನು. ಯಂತ್ರದೊಳಗೆ ಕೇವಲ ೨೫೬ ಬೈಟುಗಳ ಒಂದು ಪುಟ್ಟ ಪ್ರೋಗ್ರಾಮು. ಅದು ಕಂಪನಿಯ ಹೆಸರನ್ನು ತೆರೆಯ ಮೇಲಿನಿಂದ ಮೆಲ್ಲನೆ ಇಳಿಸುತ್ತಿತ್ತು. ಆ ಹೆಸರಿನ ಚಿತ್ರವನ್ನು ಅದು ಓದುತ್ತಿದ್ದುದು ಕ್ಯಾಸೆಟ್ಟಿನಿಂದ. ೪೮ ಬೈಟುಗಳ ಆ ಚಿತ್ರ ತನ್ನಲ್ಲಿರುವ ಪ್ರತಿಗೆ ಸರಿಹೊಂದದಿದ್ದರೆ ಯಂತ್ರ ಅಲ್ಲಿಯೇ ನಿಂತುಬಿಡುತ್ತಿತ್ತು. ಒಡೆಯನ ಮುದ್ರೆಯಿಲ್ಲದವನಿಗೆ ಒಳಗೆ ಪ್ರವೇಶವಿಲ್ಲ ಎಂಬುದು ಇಲ್ಲಿನ ಕಟ್ಟಳೆ.

ಬೆರಳುಗುರಿನಷ್ಟರ ಕಾರ್ಡಿನಲ್ಲಿ ನೂರಾರು ಆಟಗಳು ಹಿಡಿಸುವ ಕಾಲ ಬಂದಾಗ ಪಟ್ಟಿ ಅನಿವಾರ್ಯವಾಯಿತು. ದಕ್ಷಿಣ ಕೊರಿಯದಲ್ಲಿ ೨೦೦೧ರಲ್ಲಿ ಜಿಪಿ-೩೨ ಎಂಬ ಯಂತ್ರ ಬಂತು. ಅದರ ಪರಂಪರೆಯಲ್ಲಿ ೨೦೦೫ರ ನವೆಂಬರಿನಲ್ಲಿ ಬಂದುದು ಜಿಪಿಟೂಎಕ್ಸ್. ಅದರ ಒಳಗೆ ಲಿನಕ್ಸ್ ಓಡುತ್ತಿತ್ತು. ಯಾರು ಬೇಕಾದರೂ ಪ್ರೋಗ್ರಾಮು ಬರೆದು ಕಾರ್ಡಿಗೆ ಹಾಕಿ ಓಡಿಸಬಹುದಿತ್ತು. ಮುದ್ರೆ ಕೇಳುವವರಿಲ್ಲ. ೩೨೦ಕ್ಕೆ ೨೪೦ ಚುಕ್ಕಿಗಳ ತೆರೆ, ೬೪ ಮೆಗಾಬೈಟು ನೆನಪಿನ ಶಕ್ತಿ, ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ಲು. ಆ ಸೆಲ್ಲುಗಳನ್ನು ಅದು ಬಕಾಸುರನಂತೆ ತಿನ್ನುತ್ತಿತ್ತೆಂಬುದು ಕೊಂಡವರೆಲ್ಲರ ದೂರು.

ಕಂಪನಿ ಕೊಟ್ಟ ಮೆನು ಬಡವಾಗಿತ್ತು. ಆಟ, ಚಲನಚಿತ್ರ, ಸಂಗೀತ, ಭಾವಚಿತ್ರ ಎಂದು ಕೆಲವು ಚಿತ್ರಗಳು. ಆಟ ಎಂಬುದನ್ನು ಒತ್ತಿದರೆ ಕಾರ್ಡಿನಲ್ಲಿರುವ ಕಡತಗಳ ಒಣ ಹೆಸರುಗಳು. ಉಗ್ರಾಣದ ಬೀಗದ ಕೈ ಕೊಟ್ಟು, ಬೇಕಾದುದನ್ನು ಹುಡುಕಿಕೊಳ್ಳಿರೆಂದು ಅತಿಥಿಗೆ ಹೇಳಿದ ಹಾಗೆ. ಇದನ್ನು ಸಹಿಸದವರು ತಮ್ಮ ತಮ್ಮ ಮೆನುಗಳನ್ನು ಬರೆಯತೊಡಗಿದರು. ಅವುಗಳಲ್ಲಿ ಬಾಳಿದ್ದು ಇಟಲಿಯ ಪ್ರೋಗ್ರಾಮರೊಬ್ಬರು ೨೦೦೬ರಲ್ಲಿ ಹೊರತಂದ ಜಿಮೆನುಟೂಎಕ್ಸ್.

ಅದರ ರಚನೆಯ ಸರಳತೆ ಮೆಚ್ಚತಕ್ಕದ್ದು. ಒಂದು ಫೋಲ್ಡರು ಎಂದರೆ ಮೆನುವಿನ ಒಂದು ವಿಭಾಗ. ಅದರೊಳಗಿನ ಒಂದು ಸಣ್ಣ ಪಠ್ಯಕಡತ ಎಂದರೆ ಒಂದು ಆಟದ ಕೊಂಡಿ. ಆ ಕಡತದಲ್ಲಿ ನಾಲ್ಕಾರು ಸಾಲು: ಆಟದ ಹೆಸರು, ಒಂದು ವಾಕ್ಯದ ವಿವರಣೆ, ಚಿತ್ರ ಎಲ್ಲಿದೆ, ಪ್ರೋಗ್ರಾಮು ಎಲ್ಲಿದೆ, ಎಷ್ಟು ವೇಗದಲ್ಲಿ ಓಡಬೇಕು. ಅಷ್ಟೆ. ಪ್ರೋಗ್ರಾಮಿನ ಗಂಧವಿಲ್ಲದವನೂ ತಿದ್ದಬಹುದು. ವೇಗದ ಸಾಲಿನಲ್ಲಿ ಒಂದು ಗೃಹಿಣಿಯ ಜಾಣತನವಿದೆ. ಯಂತ್ರದ ವಾಡಿಕೆಯ ವೇಗ ೨೦೦ ಮೆಗಾಹರ್ಟ್ಸ್. ಪುಸ್ತಕ ಓದುವ ಪ್ರೋಗ್ರಾಮಿಗೆ ಅಷ್ಟೇಕೆ? ಅದಕ್ಕೆ ವೇಗ ಇಳಿಸಿಟ್ಟರೆ ಸೆಲ್ಲು ಉಳಿಯಿತು. ಭಾರವಾದ ಆಟಕ್ಕೆ ಮಾತ್ರ ಏರಿಸಿದರಾಯಿತು. ಅತಿಯಾಗಿ ಏರಿಸಿದರೆ ಯಂತ್ರ ಮರವಟ್ಟು ನಿಲ್ಲುತ್ತಿತ್ತು, ಆ ಮಾತು ಬೇರೆ.

ಎಲ್ಲಕ್ಕಿಂತ ಬಿಕ್ಕಟ್ಟಿನ ವಿಷಯ, ಹೋದವನು ಮರಳಿ ಬರುವುದು. ನೆನಪಿನ ಶಕ್ತಿ ಅಲ್ಪವಾದ್ದರಿಂದ, ಆಟ ಆರಂಭವಾಗುವಾಗ ಮೆನು ತಾನೇ ಜಾಗ ಖಾಲಿ ಮಾಡಿ ಹೋಗಬೇಕು. ಆಟ ಮುಗಿದಾಗ ಕರೆಯುವವರಾರು? ಆಟ ಬರೆದವರೇ ಕೊನೆಯ ಸಾಲಿನಲ್ಲಿ ಕಂಪನಿಯ ಮೆನುವಿನ ವಿಳಾಸ ಬರೆದು, ಅದನ್ನು ಕರೆಯುವುದು ರೂಢಿಯಾಗಿತ್ತು. ಹೀಗಾಗಿ ಹೊಸ ಮೆನುವಿನಿಂದ ಹೊರಟ ಆಟಗಾರನು ಆಟ ಮುಗಿದೊಡನೆ ಕಂಪನಿಯ ಹಜಾರದಲ್ಲಿ ಕಣ್ಣುಬಿಡುತ್ತಿದ್ದನು. ಯಾರನ್ನೂ ಕರೆಯದೆ ಸುಮ್ಮನೆ ಮುಗಿದುಹೋಗುವ ಆಟಗಳೂ ಇದ್ದವು. ಅವು ಮುಗಿದರೆ ಮನೆಯೂ ಇಲ್ಲ, ಹಜಾರವೂ ಇಲ್ಲ. ಇಂಥವಕ್ಕಾಗಿ ಇಟಲಿಯ ಆ ಮಹನೀಯರು ಕೊಂಡಿಯಲ್ಲಿ ಇನ್ನೊಂದು ಸಾಲು ಸೇರಿಸಿದರು. ಆ ಸಾಲಿದ್ದರೆ, ಮೆನು ತಾನು ಹೊರಡುವ ಮುನ್ನವೇ ಆಜ್ಞೆಯ ಬಾಲಕ್ಕೆ ಒಂದು ಮಾತು ಕಟ್ಟಿಹೋಗುತ್ತಿತ್ತು: ಈ ಆಟ ಮುಗಿದ ಬಳಿಕ ನನ್ನನ್ನು ಎಬ್ಬಿಸು. ಬಂದೊಡನೆ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಯೇ ಬೆರಳು ನಿಲ್ಲುವಂತೆಯೂ ಏರ್ಪಾಡಿತ್ತು. ನೋಡಲು ಸಣ್ಣದು, ಆದರೆ ದಿನಕ್ಕೆ ಹತ್ತು ಬಾರಿ ಬಾಗಿಲು ದಾಟುವವನಿಗೆ ಸಣ್ಣದಲ್ಲ.

ಆ ಮೆನುವನ್ನು ಅವರು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದರು. ಮೂಲವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು; ತಿದ್ದಿ ಹಂಚಿದವನು ತನ್ನ ತಿದ್ದುಪಡಿಯನ್ನೂ ಬಿಚ್ಚಿ ತೋರಿಸಬೇಕು. ಈ ಒಂದು ನಿರ್ಧಾರದ ಫಲ ಮುಂದೆ ಕಂಡಿತು. ೨೦೦೯ರಲ್ಲಿ ಚೀನದಿಂದ ಡಿಂಗೂ ಎಂಬ ಅಗ್ಗದ ಯಂತ್ರ ಬಂತು. ಅದರಲ್ಲಿ ಲಿನಕ್ಸ್ ಇರಲಿಲ್ಲ. ಹವ್ಯಾಸಿಗಳು ತಾವೇ ಹೊಂದಿಸಿ ಕೂರಿಸಿದರು. ಕೂರಿಸಿದ ಮೇಲೆ ಮೆನು ಬೇಕಲ್ಲ? ಜಿಮೆನುಟೂಎಕ್ಸನ್ನು ತಂದು, ಗುಂಡಿಗಳ ಲೆಕ್ಕ ಬದಲಿಸಿ ನೆಲೆಗೊಳಿಸಿದರು. ತೆರೆಯ ಅಳತೆ ಅದೇ ೩೨೦ಕ್ಕೆ ೨೪೦ ಆಗಿದ್ದುದು ಅದೃಷ್ಟ. ೨೦೧೩ರ ಸುಮಾರಿಗೆ ಜಿಸಿಡಬ್ಲ್ಯೂ ಜೀರೋ ಬಂದಾಗ ಮೆನು ಅಲ್ಲಿಗೂ ಹೋಯಿತು. ಅಷ್ಟು ಹೊತ್ತಿಗೆ ಕೊಂಡಿ ಬರೆಯುವ ಕೆಲಸವೂ ತಪ್ಪಿತ್ತು: ಆಟ, ಅದರ ಹೆಸರು, ಚಿತ್ರ ಎಲ್ಲವನ್ನೂ ಒಂದೇ ಕಡತದಲ್ಲಿ ಕಟ್ಟಿಟ್ಟರೆ ಮೆನು ತಾನೇ ಹುಡುಕಿಕೊಳ್ಳುತ್ತಿತ್ತು. ಅದೇ ಮನೆತನದ ಮೆನು ೨೦೧೯ರ ಕೊನೆಯಲ್ಲಿ ಬಂದ ಚೀನದ ಆರ್‌ಜಿ-೩೫೦ ಎಂಬ ಯಂತ್ರದಲ್ಲಿಯೂ ಇತ್ತು. ಹುಟ್ಟಿದ ಯಂತ್ರ ಮಾರುಕಟ್ಟೆಯಿಂದ ಮಾಯವಾಗಿ ವರ್ಷಗಳೇ ಕಳೆದಿದ್ದವು.

ಮುದ್ರೆ ಕೇಳುವ ಕಡೆ ಕಥೆ ಬೇರೆಯೇ. ನಿಂಟೆಂಡೊ ೩ಡಿಎಸ್ ಯಂತ್ರದಲ್ಲಿ ತಮ್ಮದೊಂದು ಮೆನು ತೆರೆಯಬೇಕೆಂದವರು ಗೋಡೆಯಲ್ಲಿ ಬಿರುಕು ಹುಡುಕಬೇಕಾಯಿತು. ೨೦೧೧ರ ಕ್ಯೂಬಿಕ್ ನಿಂಜಾ ಎಂಬ, ಯಾರೂ ಅಷ್ಟಾಗಿ ಆದರಿಸದಿದ್ದ ಆಟವೊಂದರಲ್ಲಿ ಚೌಕಚೌಕದ ಕ್ಯೂಆರ್ ಚಿತ್ರ ಓದುವ ಸೌಲಭ್ಯವಿತ್ತು. ಆ ಚಿತ್ರದೊಳಗೆ ಪ್ರೋಗ್ರಾಮು ಅಡಗಿಸಿ ನುಸುಳಬಹುದೆಂದು ೨೦೧೪ರ ನವೆಂಬರಿನಲ್ಲಿ ಗೊತ್ತಾಯಿತು. ಮರುಗಳಿಗೆಗೆ ಆ ಆಟದ ಹಳೆಯ ಪ್ರತಿಗಳ ಬೆಲೆ ಗಗನಕ್ಕೇರಿತು! ಕಳ್ಳಪ್ರತಿಗಳ ಹಾವಳಿಯ ಭಯ ಕಂಪನಿಗಳಿಗಿದ್ದುದು ಸುಳ್ಳಲ್ಲ. ಆದರೂ ಕಾಸು ಕೊಟ್ಟು ಕೊಂಡ ಪೆಟ್ಟಿಗೆಯಲ್ಲಿ ತನಗೆ ಬೇಕಾದ ಪಟ್ಟಿ ಬರೆದುಕೊಳ್ಳಲು ಕನ್ನ ಕೊರೆಯಬೇಕಾಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಕನ್ನಡದ ಮೇಷ್ಟರಿಗೆ ಇದರಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಆ ಮೆನುವಿಗೆ ಬಾಸ್ಕ್, ಕೆಟಲಾನ್‌ನಂಥ ಸಣ್ಣ ನುಡಿಗಳ ಅನುವಾದಗಳೂ ಬಂದವು. ಪಠ್ಯಕಡತದಲ್ಲಿ ಸಾಲಿಗೆ ಸಾಲು ತುಂಬಿದರೆ ಸಾಕಿತ್ತು. ನಮ್ಮ ವಿದ್ಯಾರ್ಥಿಯೊಬ್ಬ ಅಂಥ ಹಳೆಯ ಯಂತ್ರವೊಂದನ್ನು ತಂದು, ಕನ್ನಡದ ಅಕ್ಷರಶೈಲಿ ಸೇರಿಸಿ, ಹೆಸರುಗಳನ್ನು ನಮ್ಮ ಲಿಪಿಯಲ್ಲಿ ಬರೆದು ತೋರಿಸಿದ. ಅಕ್ಷರ ಮೂಡಿಸುವ ಹಳೆಯ ವ್ಯವಸ್ಥೆಗೆ ಒಂದರ ಪಕ್ಕ ಒಂದನ್ನು ಇಡುವುದಷ್ಟೇ ಗೊತ್ತು. ಕೂಡಿಸಿ ಬರೆಯುವ ವಿದ್ಯೆ ಅದಕ್ಕೆ ಬಂದುದು ೨೦೨೨ರ ಆವೃತ್ತಿಯಲ್ಲಿ. ‘ಪುಸ್ತಕ’ದ ಒತ್ತು ಕಳಚಿ ಪಕ್ಕಕ್ಕೆ ನಿಂತಿತ್ತು, ‘ಹಾವು ಏಣಿ’ಯ ಗುಡಿಸು ಅಕ್ಷರದ ತಲೆ ಬಿಟ್ಟು ಆಚೆ ಕುಳಿತಿತ್ತು. ಇಬ್ಬರೂ ಕುಳಿತು, ಒತ್ತೂ ಗುಡಿಸೂ ಇಲ್ಲದ ಹೆಸರುಗಳನ್ನು ಒಂದು ಮಧ್ಯಾಹ್ನವೆಲ್ಲ ಹುಡುಕಿದೆವು. ‘ಚದುರಂಗ’ ಮತ್ತು ‘ಪದಬಂಧ’ ನೆಟ್ಟಗೆ ಕಂಡವು. ಉಳಿದವನ್ನು ಅವನು ಇಂಗ್ಲಿಷಿನಲ್ಲಿಯೇ ಬಿಟ್ಟ.